ಎದ್ದರೇ ಖರ್ಚು: ಪಾಗಾರದ ಪಾಚಿ, ಹಿಮದಡಿಯ ಪಾಸಮ್

ತೀರ್ಥಹಳ್ಳಿ, ಹೊಸನಗರ ಕಡೆ ಏಪ್ರಿಲ್‌ನಲ್ಲಿ ಪಾಗಾರದ ಮೇಲೆ ಬೂದಿ ಚೆಲ್ಲಿದ ಹಾಗೆ ಕಾಣುವುದು ಎಷ್ಟೋ ಸಲ ಬೆಳ್ಳಿ ಪಾಚಿ, ಬ್ರಯಮ್ ಅರ್ಜೆಂಟಿಯಮ್. ಸತ್ತಿಲ್ಲ. ಒಂದು ಹನಿ ನೀರು ಬಿಟ್ಟು ಹತ್ತು ಪಟ್ಟಿನ ಮಸೂರದಲ್ಲಿ ನೋಡಿ: ಕಾಂಡಕ್ಕೆ ಒತ್ತಿಕೊಂಡ ಎಲೆಗಳ ಬುಡದಲ್ಲಿ ಹಸಿರು ಹೊಮ್ಮುತ್ತದೆ. ತುದಿ ಬೆಳ್ಳಗೇ ಉಳಿಯುತ್ತದೆ, ಅಲ್ಲಿನ ಕೋಶಗಳಲ್ಲಿ ಪತ್ರಹರಿತ್ತಿಲ್ಲ.

ಇದಕ್ಕೆ ಸರಿಜೋಡಿ ಆಸ್ಟ್ರೇಲಿಯಾದ ಬೆಟ್ಟದ ಪಿಗ್ಮಿ ಪಾಸಮ್. ಸುಮಾರು 45 ಗ್ರಾಂ ತೂಕದ ಹೊಟ್ಟೆಚೀಲದ ಪ್ರಾಣಿ. ಪಳೆಯುಳಿಕೆಯಾಗಿಯಷ್ಟೇ ಗೊತ್ತಿದ್ದದ್ದು 1966ರಲ್ಲಿ ಮೌಂಟ್ ಹೊಥಮ್‌ನಲ್ಲಿ ಜೀವಂತ ಸಿಕ್ಕಿತು. ಎರಡರಲ್ಲೂ ಮರಿ ತಾಯಿಯ ಮೈಮೇಲೇ ಬೆಳೆಯುತ್ತದಲ್ಲ ಎಂಬ ಹೋಲಿಕೆ ನನಗೆ ರುಚಿಸುವುದಿಲ್ಲ. ಪಾಸಮ್ ಮರಿ ಚೀಲ ಬಿಟ್ಟು ಹೋಗುತ್ತದೆ; ಪಾಚಿಯ ಮರಿ ಎನ್ನಬಹುದಾದ ಬೀಜಕದ ಕಡ್ಡಿ ಸಾಯುವ ತನಕ ತಾಯಿಗೇ ಅಂಟಿಕೊಂಡಿರುತ್ತದೆ. ನಿಜವಾದ ಹೋಲಿಕೆ ಇರುವುದು ನಿದ್ದೆಯಲ್ಲಿ, ಅದಕ್ಕಿಂತ ಹೆಚ್ಚಾಗಿ ಏಳುವುದರಲ್ಲಿ.

ಪೂರ್ತಿ ಒಣಗಿದ ಪಾಚಿಗೆ ಶಕ್ತಿಯ ಖರ್ಚೇ ಇಲ್ಲ. ನೀರು ಬಿದ್ದ ಕ್ಷಣ ಖರ್ಚು ಶುರು. ಒಣಗುವಾಗ ಘಾಸಿಯಾದ ಕೋಶದ ಪೊರೆಗಳಿಂದ ಲವಣ, ಸಕ್ಕರೆ ಒಂದಿಷ್ಟು ಸೋರಿಹೋಗುತ್ತವೆ. ರಿಪೇರಿಗೆ ಕೂಡಿಟ್ಟದ್ದನ್ನೇ ಉರಿಸಬೇಕು. ಬೆಳಕಿನಲ್ಲಿ ಆಹಾರ ತಯಾರಿಸಿ ಪಡೆವ ಗಳಿಕೆ ಖರ್ಚನ್ನು ದಾಟುವ ಮೊದಲೇ ಮತ್ತೆ ಒಣಗಿತೋ, ನಷ್ಟ. ಹಾಗಾಗಿ ಭರಣಿಯಲ್ಲಿ ಹತ್ತು ನಿಮಿಷ ಹನಿದು ಹೋಗುವ ಮಳೆ ಪಾಚಿಗೆ ಉಪಕಾರವೇನಲ್ಲ.

ಕುಂಡದಲ್ಲಿ ಪಾಚಿ ಬೆಳೆಸುವವರ ತಪ್ಪೂ ಇದೇ. ಸಂಜೆ ನೀರು ಚಿಮುಕಿಸುತ್ತಾರೆ, ಬೆಳಗಿನ ಬಿಸಿಲಿಗೆ ಒಣಗುತ್ತದೆ. ರಾತ್ರಿಯಿಡೀ ಉಸಿರಾಟ, ಬೆಳಕಿಲ್ಲದೆ ಗಳಿಕೆ ಸೊನ್ನೆ. ದಿನಾ ಹೀಗಾದರೆ ತಿಂಗಳೊಪ್ಪತ್ತಿನಲ್ಲಿ ಕಂದು ತಿರುಗಿ ಪುಡಿಯಾಗುತ್ತದೆ. ಹಾಕುವುದಾದರೆ ಬೆಳಗಾಗುತ್ತಲೇ, ನೆರಳಲ್ಲಿಟ್ಟು, ಮಧ್ಯಾಹ್ನದವರೆಗಾದರೂ ಹಸಿ ಆರದಂತೆ ಹಾಕಿ. ಆಗದಿದ್ದರೆ ಮೃಗಶಿರೆಯ ತನಕ ಮುಟ್ಟಲೇಬೇಡಿ.

ಚಳಿಗಾಲದ ದೀರ್ಘ ನಿದ್ದೆಯಲ್ಲೂ ಪಾಸಮ್‌ನ ಖರ್ಚು ಪೂರ್ತಿ ನಿಲ್ಲುವುದಿಲ್ಲ. ಕೊಬ್ಬು ತುಂಬಿಕೊಂಡು ಬಂಡೆಸಂದಿಗೆ ಸೇರುತ್ತದೆ, ಮೈ 2 ಡಿಗ್ರಿ ಸೆಲ್ಸಿಯಸ್ ಹತ್ತಿರಕ್ಕೆ ತಣಿಯುತ್ತದೆ, ಆದರೆ ನಡುನಡುವೆ ಎದ್ದು ಮೈ ಬಿಸಿ ಮಾಡಿಕೊಳ್ಳುತ್ತದೆ. ಚಳಿಗಾಲದ ಕೊಬ್ಬು ಕರಗುವುದು ಬಹುಪಾಲು ಈ ಎಚ್ಚರಗಳಲ್ಲೇ. ಮೇಲಿನ ದಪ್ಪ ಹಿಮ ಅದಕ್ಕೆ ಕಂಬಳಿ ಇದ್ದ ಹಾಗೆ. ಹಿಮ ತೆಳುವಾದರೆ ಸಂದಿಯೊಳಗೂ ಶೀತ ಇಳಿದು ಮೈ ಕಾಯಲು ಕೊಬ್ಬು ಉರಿಸಬೇಕು. ಬೇಗ ಕರಗಿದರೆ ಬೇಗ ಏಳಬೇಕು. ಆ ಹೊತ್ತಿಗೆ ಅದು ತಿನ್ನುವ ಬೊಗಾಂಗ್ ಪತಂಗಗಳು ಇನ್ನೂ ಬಯಲಿನಿಂದ ಬೆಟ್ಟ ಹತ್ತಿ ಬಂದಿರುವುದಿಲ್ಲ.