ಡ್ಯೂ ಡೇಟ್ ದಿನ ಸಂಜೆ ರೊಕ್ಕ ಹಿಡಿದು ಅಂಗಡಿಗೆ ಬಂದರೆ

ಬೆಳಗಾವಿಯ ನಮ್ಮ ಅಂಗಡಿಯಲ್ಲಿ ಕ್ರೆಡಿಟ್ ಕಾರ್ಡ್ ಡೆಸ್ಕ್ ಇರುವುದು ಬಿಲ್ಲಿಂಗ್ ಕೌಂಟರಿಗೆ ಹತ್ತಿಕೊಂಡೇ. ಕಾರ್ಡಿನ ಮೇಲೆ ಅಂಗಡಿಯ ಹೆಸರು ದಪ್ಪಕ್ಷರದಲ್ಲಿದೆ, ಬ್ಯಾಂಕಿನ ಹೆಸರು ಮೂಲೆಯಲ್ಲಿ ಸಣ್ಣಗಿದೆ. ಕಣ್ಣೆದುರಿಗೇ ಗಲ್ಲೆ. ಹೀಗಿರುವಾಗ ಕಾರ್ಡಿನ ಬಿಲ್ಲನ್ನೂ ಇಲ್ಲೇ ಕಟ್ಟಬಹುದು ಎಂದು ಗಿರಾಕಿ ತಿಳಿದರೆ ತಪ್ಪು ಅವರದಲ್ಲ.

ದೀಪಾವಳಿ ಮುಂದಿದ್ದಾಗ ವಡಗಾವಿಯ ನೇಕಾರರೊಬ್ಬರು ಸಂಜೆ ಏಳೂವರೆಯ ಸುಮಾರಿಗೆ ಹದಿನೆಂಟು ಸಾವಿರ ಚಿಲ್ಲರೆ ರೊಕ್ಕ ಎಣಿಸಿ, ರಬ್ಬರ್ ಹಾಕಿ ತಂದು ಡೆಸ್ಕ್ ಮೇಲೆ ಇಟ್ಟರು. "ತಗೋರಿ ಅಕ್ಕಾರ, ಇವತ್ತ ಕಡೀ ದಿನ ಐತಿ." ಇಲ್ಲಿ ತಗೊಳ್ಳಲು ಬರುವುದಿಲ್ಲ ಎಂದಾಗ ಅವರ ಮುಖ ಸಣ್ಣದಾಯಿತು. "ಕಾರ್ಡ್ ಮಾಡಿಕೊಟ್ಟವ್ರು ಇಲ್ಲೇ ಕಟ್ಟಬಹುದು ಅಂದಿದ್ರಲ್ರೀ?" ಹಾಗೆ ಅವರು ಅಂದಿರುತ್ತಾರೆ, ನಿಜ. ಕಾರ್ಡ್ ಅರ್ಜಿ ತುಂಬಿಸುವ ಸೋರ್ಸಿಂಗ್ ಹುಡುಗರಿಗೆ ತಿಂಗಳಿಗೆ ಇಷ್ಟು ಅಪ್ರೂವಲ್ ಎಂಬ ಟಾರ್ಗೆಟ್ ಇದೆ. ಗಿರಾಕಿ ಮೊದಲ ಬಿಲ್ ಸರಿಯಾಗಿ ಕಟ್ಟಿದರೋ ಇಲ್ಲವೋ ಎಂದು ಕೇಳುವ ಕಾಲಮ್ಮು ಯಾವ ರಿಪೋರ್ಟಿನಲ್ಲೂ ಇಲ್ಲ. ಇದನ್ನು ಮೀಟಿಂಗಿನಲ್ಲಿ ಹೇಳಿದರೆ "ಅದು ಬ್ಯಾಂಕಿನ ವಿಷಯ" ಎಂಬ ಉತ್ತರ ಬರುತ್ತದೆ.

ವಿಷಯ ಬ್ಯಾಂಕಿನದು ಎಂಬುದು ಅಷ್ಟರಮಟ್ಟಿಗೆ ನಿಜ. ಕೋ-ಬ್ರಾಂಡೆಡ್ ಕಾರ್ಡಿನಲ್ಲಿ, ಅಂದರೆ ಅಂಗಡಿ, ಬ್ಯಾಂಕು ಇಬ್ಬರ ಹೆಸರೂ ಇರುವ ಇಂಥ ಕಾರ್ಡಿನಲ್ಲಿ, ಸಾಲ ಕೊಡುವುದು ಬ್ಯಾಂಕ್. ಅಂಗಡಿಯ ಪಾತ್ರ ಕಾರ್ಡ್ ಮಾರುವುದು, ಕಾರ್ಡಿನ ಮೇಲಿನ ಸವಲತ್ತು ಕೊಡುವುದು, ಅಷ್ಟೇ. ರಿಸರ್ವ್ ಬ್ಯಾಂಕಿನ ಕಾರ್ಡ್ ನಿರ್ದೇಶನಗಳಲ್ಲಿ ಇದು ಸ್ಪಷ್ಟವಾಗಿದೆ. ಗಿರಾಕಿಯ ವಹಿವಾಟಿನ ವಿವರ ಅಂಗಡಿಯವರ ಕೈಗೆ ಸಿಗಬಾರದು ಎಂದೂ ಅದರಲ್ಲಿದೆ. ಆದ್ದರಿಂದ ಡೆಸ್ಕಿನಲ್ಲಿ ಕೂತವರಿಗೆ ನಿಮ್ಮ ಬಾಕಿ ಎಷ್ಟೆಂದು ಕಾಣುವುದಿಲ್ಲ, ಲೇಟ್ ಫೀ ಮನ್ನಾ ಮಾಡಲು ಬರುವುದಿಲ್ಲ, ನಗದು ಮುಟ್ಟಲಂತೂ ಬರುವುದೇ ಇಲ್ಲ. ಗಿರಾಕಿಯ ನಗದು ತಗೊಂಡು ತಮ್ಮ ಫೋನಿನಿಂದ ಕಟ್ಟಿಬಿಡುವ ಸಿಬ್ಬಂದಿಯೂ ಇದ್ದಾರೆ. ಉಪಕಾರದ ಮನಸ್ಸಿನಿಂದಲೇ ಮಾಡಿದರೂ ಅದು ತಪ್ಪು. ಕಟ್ಟಿದ್ದು ಎಲ್ಲಾದರೂ ಸಿಕ್ಕಿಕೊಂಡರೆ ರೊಕ್ಕ ವಾಪಸ್ ಬರುವುದು ಸಿಬ್ಬಂದಿಯ ಖಾತೆಗೆ. ಗಿರಾಕಿಯ ಕೈಯಲ್ಲಿ ಒಂದು ಚೀಟಿಯೂ ಇರುವುದಿಲ್ಲ.

ಆ ನೇಕಾರರಿಗೆ ಆ ಹೊತ್ತಿನಲ್ಲಿ ಉಳಿದಿದ್ದ ದಾರಿ ಒಂದೇ: ಕಾಲೇಜ್ ರೋಡಿನ ಕಡೆ ಹೋಗಿ ಅವರದೇ ಬ್ಯಾಂಕಿನ ಕ್ಯಾಶ್ ಡಿಪಾಸಿಟ್ ಮಷಿನ್ನಿಗೆ ರೊಕ್ಕ ಹಾಕಿ, ಉಳಿತಾಯ ಖಾತೆಗೆ ಜಮಾ ಆದ ಮೆಸೇಜ್ ಬಂದ ಮೇಲೆ ಫೋನಿನಿಂದ ಕಟ್ಟುವುದು. ಕಾರ್ಡ್ ಕೊಟ್ಟ ಬ್ಯಾಂಕಿನ ಶಾಖೆಯಲ್ಲಿ ನಗದು ಕಟ್ಟುವ ಸೌಲಭ್ಯ ಕೆಲವು ಕಡೆ ಇದೆ. ಅದಕ್ಕೆ ಬೇರೆ ಶುಲ್ಕ ಹಾಕುತ್ತಾರೆ, ಮೇಲಾಗಿ ಶಾಖೆ ಆ ಹೊತ್ತಿಗೆ ಮುಚ್ಚಿರುತ್ತದೆ.

ಅವರು ಮಗನ ಜೊತೆ ಮರಳಿ ಬಂದಾಗ ಎಂಟೂವರೆ. ಪೇಮೆಂಟ್ ಆ್ಯಪ್ ತೆರೆದು "ಕ್ರೆಡಿಟ್ ಕಾರ್ಡ್ ಬಿಲ್" ಒತ್ತಿದರೆ ಬ್ಯಾಂಕುಗಳ ಉದ್ದ ಪಟ್ಟಿ ಬರುತ್ತದೆ. ಅದರಲ್ಲಿ ಅಂಗಡಿಯ ಹೆಸರು ಹುಡುಕಬಾರದು, ಕಾರ್ಡಿನ ಮೂಲೆಯಲ್ಲಿರುವ ಬ್ಯಾಂಕಿನ ಹೆಸರು ಹುಡುಕಬೇಕು. ಅದೇ ಬ್ಯಾಂಕಿನ ಹೆಸರು ಸಾಲದ ಕಂತಿನ ಪಟ್ಟಿಯಲ್ಲೂ ಇರುತ್ತದೆ, ಅಲ್ಲಿ ಕಟ್ಟಿದರೆ ಕಾರ್ಡಿಗೆ ಸೇರುವುದಿಲ್ಲ. ಆಮೇಲೆ ಕಾರ್ಡಿಗೆ ನೋಂದಾಯಿಸಿದ ಮೊಬೈಲ್ ನಂಬರ್, ಕಾರ್ಡಿನ ಕೊನೆಯ ನಾಲ್ಕು ಅಂಕಿ. ಇಲ್ಲಿ ಬಹಳ ಜನ ನಿಲ್ಲುತ್ತಾರೆ, ಏಕೆಂದರೆ ಅರ್ಜಿಯಲ್ಲಿ ಕೊಟ್ಟ ನಂಬರ್ ಮಗನದೋ ಅಳಿಯನದೋ ಆಗಿರುತ್ತದೆ. ನಂಬರ್ ಹೊಂದಿದರೆ ಹೆಸರು, ಟೋಟಲ್ ಡ್ಯೂ (ಪೂರ್ತಿ ಬಾಕಿ), ಮಿನಿಮಮ್ ಡ್ಯೂ (ಕನಿಷ್ಠ ಕಟ್ಟಲೇಬೇಕಾದ ಮೊತ್ತ) ಮೂರೂ ತೆರೆಯ ಮೇಲೆ ಬರುತ್ತವೆ. ಹೆಸರು ಓದಿ ನೋಡದೆ ಪಿನ್ ಹಾಕಬಾರದು.

ಪಿನ್ ಹಾಕಿದ ಮೇಲೆ ತೆರೆ "ಪ್ರೊಸೆಸಿಂಗ್" ಎಂದು ನಿಂತಿತು. ಖಾತೆಯಿಂದ ರೊಕ್ಕ ಹೋದ ಮೆಸೇಜ್ ಬಂತು, ಕಾರ್ಡಿನ ಕಡೆಯಿಂದ ಏನೂ ಇಲ್ಲ. ಮಗ ಇನ್ನೊಮ್ಮೆ ಕಟ್ಟಲು ಹೊರಟ. ಇಂಥ ಗಳಿಗೆಯಲ್ಲಿ ತಡೆಯಬೇಕಾದ್ದು ಇದನ್ನೇ. ಖಾತೆಯಿಂದ ರೊಕ್ಕ ಹೋಗಿದ್ದರೆ ಎರಡನೇ ಸಲ ಕಟ್ಟಬಾರದು. ಆ್ಯಪಿನ ಹಿಸ್ಟರಿಯಲ್ಲಿ ಆ ವಹಿವಾಟು ತೆರೆದು, ಟ್ರಾನ್ಸಾಕ್ಷನ್ ಐಡಿ, ಯುಟಿಆರ್ ನಂಬರ್ (ಬ್ಯಾಂಕು ಆ ಪಾವತಿಗೆ ಕೊಡುವ ಗುರುತಿನ ಸಂಖ್ಯೆ), ದಿನಾಂಕ, ಸಮಯ ನಾಲ್ಕೂ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡಬೇಕು. ಸ್ವಲ್ಪ ಹೊತ್ತಿಗೆ "ಸಕ್ಸೆಸ್" ಬಂತು. ಕಾರ್ಡಿನ ಆ್ಯಪಿನಲ್ಲಿ ಬಾಕಿ ಇಳಿದು ಕಾಣಲು ಒಂದೆರಡು ದಿನ ಹಿಡಿಯುವುದುಂಟು. ತಕರಾರು ಬಂದರೆ ಮಾತಾಡುವುದು ಆ ಸ್ಕ್ರೀನ್‌ಶಾಟ್. "ನಾ ಅವತ್ತ ಕಟ್ಟೇನ್ರೀ" ಎಂಬ ಮಾತಿಗೆ ಕಸ್ಟಮರ್ ಕೇರ್‌ನಲ್ಲಿ ಎಸ್‌ಆರ್ (ಸರ್ವಿಸ್ ರಿಕ್ವೆಸ್ಟ್, ಅಂದರೆ ನಂಬರ್ ಹಾಕಿದ ಕೋರಿಕೆ) ಕೂಡ ರೈಸ್ ಮಾಡುವುದಿಲ್ಲ.

ಡ್ಯೂ ಡೇಟ್ ದಾಟಿ ಮೂರು ದಿನಕ್ಕಿಂತ ಹೆಚ್ಚಾದರೆ ಮಾತ್ರ ಬ್ಯಾಂಕು ಲೇಟ್ ಫೀ ಹಾಕಬಹುದು, ಸಾಲ ತೀರಿಸಿದ ದಾಖಲೆ ಇಡುವ ಸಿಬಿಲ್‌ನಂಥ ಕಂಪನಿಗಳಿಗೆ ಬಾಕಿದಾರ ಎಂದು ತಿಳಿಸಬಹುದು. ಲೇಟ್ ಫೀ ಲೆಕ್ಕ ಹಾಕಬೇಕಾದ್ದೂ ಕಟ್ಟದೆ ಉಳಿದ ಮೊತ್ತದ ಮೇಲೆ, ಪೂರ್ತಿ ಬಿಲ್ಲಿನ ಮೇಲಲ್ಲ. ಈ ಮೂರು ದಿನವನ್ನು ಹೊಸ ಡ್ಯೂ ಡೇಟ್ ಎಂದು ಗಿರಾಕಿಗೆ ಹೇಳುವವರು ನಮ್ಮಲ್ಲೇ ಇದ್ದಾರೆ, ದಯವಿಟ್ಟು ಹೇಳಬೇಡಿ. ಬಡ್ಡಿಗೆ ಈ ಸಡಿಲಿಕೆ ಇಲ್ಲ. ನಾಲ್ಕನೇ ದಿನ ಬಂದರೆ ಡಿಪಿಡಿ (ಬಾಕಿ ಬಿದ್ದ ದಿನಗಳ) ಎಣಿಕೆ ಶುರುವಾಗುವುದು ಮೂಲ ಡ್ಯೂ ಡೇಟಿನಿಂದಲೇ. 2025ರ ಜನವರಿಯಿಂದ ಬ್ಯಾಂಕುಗಳು ಸಾಲದ ಮಾಹಿತಿಯನ್ನು ಹದಿನೈದು ದಿನಕ್ಕೊಮ್ಮೆಯಾದರೂ ಕಳಿಸಬೇಕಾಗಿದೆ, ಹಾಗಾಗಿ ಕಲೆ ಬೀಳುವುದೂ ಬೇಗ.

ಈಗ ಮಿನಿಮಮ್ ಡ್ಯೂ. ಅತಿ ಹೆಚ್ಚು ಮನೆ ಹಾಳಾಗುವುದು ಇಲ್ಲಿ. ಒಬ್ಬರು ಆಗಸ್ಟ್ 12ಕ್ಕೆ 30,000 ರೂಪಾಯಿಯ ವಾಷಿಂಗ್ ಮಷಿನ್ ತಗೊಂಡರು ಎನ್ನಿ. 20ಕ್ಕೆ ಸ್ಟೇಟ್‌ಮೆಂಟ್ (ತಿಂಗಳ ಬಿಲ್), ಸೆಪ್ಟೆಂಬರ್ 7 ಡ್ಯೂ ಡೇಟ್, ಮಿನಿಮಮ್ ಶೇ 5, ಅಂದರೆ 1,500. ಅವರು 1,500 ಕಟ್ಟಿ ನಿರಾಳವಾದರು. ಪೂರ್ತಿ ಕಟ್ಟದ ಕಾರಣ ಬಡ್ಡಿರಹಿತ ಅವಧಿ ರದ್ದಾಯಿತು. ಬಡ್ಡಿ ಲೆಕ್ಕ ಡ್ಯೂ ಡೇಟಿನಿಂದಲ್ಲ, ಕೊಂಡ ದಿನದಿಂದ. ತಿಂಗಳಿಗೆ ಶೇ 3.5 ಎಂದರೆ ವರ್ಷಕ್ಕೆ ಶೇ 42. ಉಳಿದ 28,500ಕ್ಕೆ ಮಾತ್ರ ಬಡ್ಡಿ ಹಾಕಿದರೂ, ಆಗಸ್ಟ್ 12ರಿಂದ ಸೆಪ್ಟೆಂಬರ್ 20ರವರೆಗೆ 40 ದಿನಕ್ಕೆ 1,311 ರೂಪಾಯಿ 78 ಪೈಸೆ. ಅದರ ಮೇಲೆ ಶೇ 18 ಜಿಎಸ್‌ಟಿ 236 ರೂಪಾಯಿ 12 ಪೈಸೆ. ಹೊಸ ಬಿಲ್: 30,047 ರೂಪಾಯಿ 90 ಪೈಸೆ. ಒಂದೂವರೆ ಸಾವಿರ ಕಟ್ಟಿದ ಮೇಲೂ ಬಾಕಿ ಮೊದಲಿಗಿಂತ ಹೆಚ್ಚು! ಸೆಪ್ಟೆಂಬರ್ 10ಕ್ಕೆ ಮಕ್ಕಳಿಗೆ ಅರಿವೆ ತಗೊಂಡಿದ್ದರೆ ಅದಕ್ಕೂ ಮೊದಲ ದಿನದಿಂದಲೇ ಬಡ್ಡಿ, ಹಳೇ ಬಾಕಿ ಪೂರ್ತಿ ತೀರುವವರೆಗೆ ಹೊಸ ಖರೀದಿಗೆ ಬಿಟ್ಟಿ ದಿನಗಳಿಲ್ಲ. ಈ ದರಕ್ಕೆ ಶೇ 30ರ ಮಿತಿ ಹಾಕಿದ್ದ 2008ರ ರಾಷ್ಟ್ರೀಯ ಗ್ರಾಹಕ ಆಯೋಗದ ಆದೇಶವನ್ನು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ರದ್ದು ಮಾಡಿದೆ. ಬಡ್ಡಿ ಕಡಿಮೆಯಾದೀತು ಎಂದು ಕಾಯುವುದರಲ್ಲಿ ಅರ್ಥವಿಲ್ಲ. ಪೂರ್ತಿ ಕಟ್ಟಲು ಆಗದಿದ್ದರೆ ಆದಷ್ಟು ಹೆಚ್ಚು ಕಟ್ಟಿ, ಹೊಸ ಖರೀದಿ ನಿಲ್ಲಿಸಿ, ಉಳಿದದ್ದನ್ನು ಇಎಂಐಗೆ ಬದಲಿಸಿದರೆ ಬಡ್ಡಿ ಎಷ್ಟು ಇಳಿಯುತ್ತದೆ ಎಂದು ಬ್ಯಾಂಕಿಗೆ ಕೇಳಬೇಕು.

ವಾರದ ಪಗಾರದವರಿಗೆ ತಿಂಗಳ ಕೊನೆಗೆ ಒಂದೇ ಗಂಟು ಹೊಂದಿಸುವುದು ಕಷ್ಟ. ಅವರಿಗೆ ನಾನು ಹೇಳುವುದು: ಮಗ್ಗದ ರೊಕ್ಕ ಕೈಗೆ ಬಂದ ದಿನವೇ ಅಷ್ಟಷ್ಟು ಕಟ್ಟುತ್ತ ಹೋಗಿ. ತಿಂಗಳಲ್ಲಿ ಎಷ್ಟು ಸಲ ಬೇಕಾದರೂ ಕಟ್ಟಬಹುದು. ಒಂದು ಎಚ್ಚರ ಮಾತ್ರ ಬೇಕು. ಸ್ಟೇಟ್‌ಮೆಂಟ್ 20ಕ್ಕೆ ಎಂದಾದರೆ 19ಕ್ಕೆ ಕಟ್ಟಿದ್ದು ಹಳೇ ಲೆಕ್ಕಕ್ಕೆ ಸೇರಿ, ಅದನ್ನು ಕಳೆದೇ ಹೊಸ ಬಿಲ್ ಬರುತ್ತದೆ. "ಮೊನ್ನೆ ತಾನೇ ಕಟ್ಟೇನಿ" ಎಂದು ಹೊಸ ಬಿಲ್ಲನ್ನು ಬಿಟ್ಟರೆ ಅದು ಬಾಕಿ ಉಳಿಯುತ್ತದೆ. ಶಾಲಾ ಶಿಕ್ಷಕರಂತೆ ತಿಂಗಳ ಮೊದಲ ವಾರ ಪಗಾರ ಬರುವವರು ಬಿಲ್ಲಿಂಗ್ ಸೈಕಲ್ಲನ್ನೇ, ಅಂದರೆ ಬಿಲ್ ಬರುವ ದಿನವನ್ನೇ, ಬದಲಿಸಿಕೊಳ್ಳಬಹುದು. ಕನಿಷ್ಠ ಒಂದು ಸಲ ಆ ಅವಕಾಶ ಕೊಡಲೇಬೇಕು ಎಂದು ರಿಸರ್ವ್ ಬ್ಯಾಂಕ್ 2024ರ ಮಾರ್ಚ್‌ನಲ್ಲಿ ನಿಯಮ ತಿದ್ದಿದೆ. ಸಹಾಯವಾಣಿ, ಇಮೇಲ್, ಆ್ಯಪ್ ಮೂಲಕ ಕೇಳಬಹುದು. ಸ್ಟೇಟ್‌ಮೆಂಟಿಗೂ ಡ್ಯೂ ಡೇಟಿಗೂ ಕನಿಷ್ಠ ಹದಿನಾಲ್ಕು ದಿನ ಅಂತರ ಇರಬೇಕು, ಆ ಲೆಕ್ಕ ಹಿಡಿದು ದಿನಾಂಕ ಆರಿಸಿಕೊಳ್ಳಿ. ಅಥಣಿ, ರಾಯಬಾಗ ಕಡೆಯ ಕಬ್ಬಿನ ಬೆಳೆಗಾರರಿಗೆ ಈ ಕಾರ್ಡು ಹೊಂದುವುದೇ ಇಲ್ಲ ಎಂಬುದು ನನ್ನ ಅಭಿಪ್ರಾಯ. ಕಾರ್ಖಾನೆಯ ಬಿಲ್ ಹಂಗಾಮಿಗೆ ಬರುತ್ತದೆ, ಕಾರ್ಡಿನ ಬಿಲ್ ತಿಂಗಳಿಗೆ ಬರುತ್ತದೆ. ಅವರಿಗೆ ಕಾರ್ಡ್ ದಾಟಿಸಿ ಟಾರ್ಗೆಟ್ ಮುಟ್ಟಿಸುವುದು ಸರಿಯಲ್ಲ.

ಬಿಲ್ ಖಾತೆಯಿಂದ ತಾನಾಗಿ ಕಡಿತವಾಗುವ ಆಟೋಪೇ ಹಾಕುವವರು ಫಾರ್ಮಿನಲ್ಲಿ "ಟೋಟಲ್" ಎಂದು ಆರಿಸಿ. "ಮಿನಿಮಮ್" ಎಂದು ಬಿಟ್ಟರೆ ಮೇಲಿನ ಲೆಕ್ಕವೇ ತಿಂಗಳು ತಿಂಗಳೂ ತಾನಾಗಿ ನಡೆಯುತ್ತದೆ. ಮ್ಯಾಂಡೇಟ್ (ಕಡಿತಕ್ಕೆ ಕೊಟ್ಟ ಒಪ್ಪಿಗೆ) ನೋಂದಣಿ ಆಯಿತೆಂದು ಮೆಸೇಜ್ ಬರುವವರೆಗೆ ಕೈಯಾರೆ ಕಟ್ಟಬೇಕು. ಆಟೋಪೇ ಇದ್ದೂ ಡ್ಯೂ ಡೇಟಿನ ಹಿಂದಿನ ದಿನ ಕೈಯಾರೆ ಕಟ್ಟಿದರೆ ಎರಡು ಸಲ ಹೋಗುವುದುಂಟು. ಖಾತೆಯಲ್ಲಿ ರೊಕ್ಕ ಇಲ್ಲದೆ ಬೌನ್ಸ್ ಆದರೆ ಖಾತೆಯ ಬ್ಯಾಂಕೂ ದಂಡ ಹಾಕುತ್ತದೆ, ಕಾರ್ಡಿನ ಬ್ಯಾಂಕೂ ಹಾಕುತ್ತದೆ. ನೆಫ್ಟ್‌ನಲ್ಲಿ ಕಟ್ಟುವವರು ಖಾತೆ ನಂಬರಿನ ಜಾಗದಲ್ಲಿ ಕಾರ್ಡಿನ ಪೂರ್ತಿ ನಂಬರ್ ಹಾಕಿ, ಕಾರ್ಡ್ ಪಾವತಿಗೆಂದೇ ಬ್ಯಾಂಕ್ ಕೊಟ್ಟಿರುವ ಐಎಫ್‌ಎಸ್‌ಸಿ ಬಳಸಬೇಕು. ನಾಲ್ಕು ನಾಲ್ಕು ಅಂಕಿಯಾಗಿ ಇನ್ನೊಬ್ಬರ ಕಡೆಯಿಂದ ಓದಿಸಿ, ಮೊದಲು ಒಂದು ರೂಪಾಯಿ ಕಳಿಸಿ, ಕಾರ್ಡಿಗೆ ಜಮಾ ಆದ ಮೆಸೇಜ್ ಬಂದ ಮೇಲೆ ಉಳಿದದ್ದು. ಚೆಕ್ಕಿನ ಸಹವಾಸ ಬೇಡ.

ಬಡ್ಡಿಯಿಲ್ಲದ ಕಂತು ಎಂದು ಮಾರುವ ನೋ-ಕಾಸ್ಟ್ ಇಎಂಐ ಬಗ್ಗೆ ಫ್ಲೋರಿನಲ್ಲಿ ಹೇಳದೆ ಬಿಡುವ ಮಾತು ಬಹಳ. ಬಡ್ಡಿಯಷ್ಟು ಮೊತ್ತವನ್ನು ಮೊದಲೇ ರಿಯಾಯಿತಿಯಾಗಿ ಕಳೆದಿರುತ್ತಾರೆ, ಕಂತಿನೊಳಗೆ ಬಡ್ಡಿ ಇದ್ದೇ ಇರುತ್ತದೆ, ಆ ಬಡ್ಡಿಗೆ ಜಿಎಸ್‌ಟಿ ಬೀಳುತ್ತದೆ. ಬಹಳಷ್ಟು ಬ್ಯಾಂಕುಗಳು ಪ್ರೊಸೆಸಿಂಗ್ ಫೀ ಕೂಡ ಹಾಕುತ್ತವೆ. ಕೊಂಡ ಸಾಮಾನಿನ ಪೂರ್ತಿ ಬೆಲೆಯಷ್ಟು ಕಾರ್ಡಿನ ಲಿಮಿಟ್ಟನ್ನು ಬ್ಯಾಂಕು ಹಿಡಿದಿಟ್ಟುಕೊಂಡು, ಕಂತು ತೀರಿದಂತೆ ಬಿಡುತ್ತದೆ. ಸಾಮಾನು ವಾಪಸ್ ಮಾಡಿದಾಗಲಂತೂ ದೊಡ್ಡ ಗೊಂದಲ. ಅಂಗಡಿ ರಿಫಂಡ್ ಕಳಿಸಿದ ಮಾತ್ರಕ್ಕೆ ಇಎಂಐ ರದ್ದಾಯಿತೆಂದು ತಿಳಿಯಬಾರದು. ರೊಕ್ಕ ಕಾರ್ಡಿಗೆ ಜಮಾ ಆಗಿ ಕೂತಿದ್ದರೂ ತಿಂಗಳ ಕಂತು ಬರುತ್ತಲೇ ಇರಬಹುದು. ರಿಟರ್ನ್ ಬಿಲ್ ಕೈಗೆ ಬಂದ ದಿನವೇ ಬ್ಯಾಂಕಿಗೆ ಫೋನ್ ಮಾಡಿ, ರಿಫಂಡಿನ ರೆಫರೆನ್ಸ್ ನಂಬರ್ ಕೊಟ್ಟು, ಇಎಂಐ ಕ್ಯಾನ್ಸಲ್ ಎಂದು ಎಸ್‌ಆರ್ ಹಾಕಿಸಬೇಕು. ರಿಫಂಡ್ ಬರುತ್ತದೆಂದು ಆ ತಿಂಗಳ ಬಿಲ್ ಕಟ್ಟದೆ ಬಿಡಬಾರದು. ಡ್ಯೂ ಡೇಟಿನೊಳಗೆ ರಿಫಂಡ್ ಜಮಾ ಆದರೆ ಅದನ್ನು ಬಾಕಿಗೆ ಹೊಂದಿಸಬೇಕೆಂಬ ನಿಯಮವಿದೆ, ಆದರೆ ಡ್ಯೂ ಡೇಟ್ ದಾಟಿ ಬಂದರೆ ಬಡ್ಡಿ ನಿಮ್ಮ ತಲೆಗೇ.

ತಕರಾರಿದ್ದರೆ ಮೊದಲು ಬ್ಯಾಂಕಿಗೆ ಲಿಖಿತವಾಗಿ ಕೊಟ್ಟು ದೂರಿನ ನಂಬರ್ ಪಡೆಯಬೇಕು. ಮೂವತ್ತು ದಿನದಲ್ಲಿ ಉತ್ತರ ಬರದಿದ್ದರೆ, ಬಂದ ಉತ್ತರ ಸಮಾಧಾನ ಕೊಡದಿದ್ದರೆ, ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ ಹೋಗಬಹುದು, ಮಾಹಿತಿಗೆ 14448. ಯಾರಾದರೂ ಕಾರ್ಡಿನ ಹೆಸರು ಹೇಳಿ ಲಿಂಕ್ ಕಳಿಸಿ ರೊಕ್ಕ ಎಳೆದಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಜೊತೆಗೇ ಕಾರ್ಡ್ ಬ್ಲಾಕ್ ಮಾಡಿಸಬೇಕು.

ಕಾರ್ಡೇ ಬೇಡ ಎಂದವರಿಗೆ ಕತ್ತರಿ ತಂದು ಎರಡು ತುಂಡು ಮಾಡಿಕೊಡುವ ಸಹೋದ್ಯೋಗಿಗಳಿದ್ದಾರೆ. ಪ್ಲಾಸ್ಟಿಕ್ ಕತ್ತರಿಸಿದರೆ ಖಾತೆ ಮುಚ್ಚುವುದಿಲ್ಲ, ವಾರ್ಷಿಕ ಶುಲ್ಕ ಬಿದ್ದು ಅದರ ಮೇಲೆ ಲೇಟ್ ಫೀ ಬೆಳೆಯುತ್ತದೆ. ಇಎಂಐ ಸೇರಿ ಎಲ್ಲ ಬಾಕಿ ಸೊನ್ನೆ ಮಾಡಿ, ಆಟೋಪೇ ಮ್ಯಾಂಡೇಟ್ ರದ್ದು ಮಾಡಿಸಿ, ಬ್ಯಾಂಕಿಗೇ ಕ್ಲೋಸರ್ ಅರ್ಜಿ ಕೊಡಬೇಕು. ಬಾಕಿ ಇಲ್ಲದಿದ್ದರೆ ಏಳು ಕೆಲಸದ ದಿನಗಳಲ್ಲಿ ಮುಚ್ಚಬೇಕು. ತಡವಾದ ಒಂದೊಂದು ದಿನಕ್ಕೂ ಬ್ಯಾಂಕು ಗಿರಾಕಿಗೆ 500 ರೂಪಾಯಿ ಕೊಡಬೇಕು. ಮುಚ್ಚಿದ ಮೆಸೇಜ್ ಜೊತೆ ನೋ ಡ್ಯೂಸ್ ಪತ್ರವನ್ನೂ ಕೇಳಿ ತಗೊಳ್ಳಿ, ಒಂದೆರಡು ತಿಂಗಳ ಮೇಲೆ ಸಿಬಿಲ್ ರಿಪೋರ್ಟ್ ತೆಗೆಸಿ ಆ ಕಾರ್ಡಿನ ಎದುರು "ಕ್ಲೋಸ್ಡ್" ಎಂದಿದೆಯೇ ನೋಡಿ.