‘ಸರ್, ಪಿಯುಸಿ ಆಯ್ತು, ಯಾವ ಕೋರ್ಸಿಗೆ ಸ್ಕೋಪ್ ಇದೆ?’

ಸೆಕೆಂಡ್ ಪಿಯುಸಿ ರಿಸಲ್ಟ್ ಬಂದಾಗಿಂದ ಸಿಇಟಿ ಕೌನ್ಸೆಲಿಂಗ್ ಮುಗಿಯೋ ತನಕ ನನಗೆ ಬರೋ ಫೋನಲ್ಲಿ ಮುಕ್ಕಾಲು ಪಾಲು ಇದೇ ಪ್ರಶ್ನೆ. ಪಿಯು ಕಾಲೇಜಲ್ಲಿ ಪಾಠ ಮಾಡ್ತೀನಿ ಅನ್ನೋ ಒಂದೇ ಕಾರಣಕ್ಕೆ ಮದುವೆ ಮನೇಲಿ ಊಟಕ್ಕೆ ಕೂತಾಗಲೂ ಪಕ್ಕದ ಎಲೆಯವರು ಶುರು ಹಚ್ಕೋತಾರೆ, "ಯಾವುದಕ್ಕೆ ಸ್ಕೋಪ್ ಇದೆ ಅಷ್ಟು ಹೇಳ್ಬಿಡಿ ಸಾರ್, ಸಾಕು." ಈಗ ಸೇರೋ ಹುಡುಗ ಹೊರಗೆ ಬರೋದು ಮೂರೋ ನಾಕೋ ವರ್ಷ ಆದ್ಮೇಲೆ, ಅಷ್ಟೊತ್ತಿಗೆ ಯಾವ ಕಂಪನಿ ಯಾರನ್ನ ತಗೊಳುತ್ತೆ ಅಂತ ನನಗೆ ಗೊತ್ತಿದ್ದಿದ್ರೆ ಮೇಷ್ಟ್ರ ಕೆಲಸ ಯಾಕೆ ಮಾಡ್ಕೊಂಡಿರ್ತಿದ್ದೆ ಹೇಳಿ.

ಹಾಗಾಗಿ ನಾನೇ ತಿರುಗಿ ಕೇಳ್ತೀನಿ: ಇದನ್ನ ಈಗ ಬಿಟ್ರೆ ಆಮೇಲೆ ಸಿಗುತ್ತಾ?

ಯಾಕಂದ್ರೆ ಹದಿನೆಂಟಕ್ಕೇ ಹಿಡೀಬೇಕಾದ ಕೋರ್ಸುಗಳು ಕಮ್ಮಿ. ಎಂಬಿಬಿಎಸ್, ಬಿಇ, ಅಗ್ರಿ, ವೆಟರ್ನರಿ, ಆರ್ಕಿಟೆಕ್ಚರ್, ಇಂಥವು ಒಂದಷ್ಟು. ಬಿಎ ಮುಗಿಸ್ಕೊಂಡು ಆಮೇಲೆ ಬಿಇ ಮಾಡ್ತೀನಿ ಅಂದ್ರೆ ಪಿಯುಸಿಲಿ ಫಿಸಿಕ್ಸು ಮ್ಯಾತ್ಸು ಇಲ್ಲದೆ ಆಗಲ್ಲ. ಆದ್ರೆ ಉಲ್ಟಾ ನೋಡಿ, ಮೂರು ವರ್ಷದ ಎಲ್‌ಎಲ್‌ಬಿಗೆ ಯಾವ ಡಿಗ್ರಿ ಆದ್ರೂ ನಡೆಯುತ್ತೆ, ಎಂಬಿಎಗೂ ಅಷ್ಟೆ, ಬ್ಯಾಂಕ್ ಪರೀಕ್ಷೆ, ಕೆಎಎಸ್, ಯುಪಿಎಸ್‌ಸಿ ಎಲ್ಲಕ್ಕೂ ಒಂದು ಡಿಗ್ರಿ ಇದ್ರೆ ಸಾಕು. ಸಿಎಗೂ ಹಾಗೇ, ಬಿಕಾಂನವರಿಗೆ 55 ಪರ್ಸೆಂಟ್, ಬೇರೆ ಡಿಗ್ರಿಯವರಿಗೆ 60 ಪರ್ಸೆಂಟ್ ಇದ್ರೆ ಫೌಂಡೇಶನ್ ಅನ್ನೋ ಮೊದಲ ಹಂತದ ಪರೀಕ್ಷೆ ಬಿಟ್ಟು ನೇರ ಇಂಟರ್‌ಮೀಡಿಯೇಟಿಗೇ ಸೇರಬಹುದು. ಬಿಇ ಮುಗಿಸಿ ಸೋಷಿಯಾಲಜಿನೋ ಕನ್ನಡ ಸಾಹಿತ್ಯನೋ ಆಪ್ಶನಲ್ ತಗೊಂಡು ಯುಪಿಎಸ್‌ಸಿಗೆ ಓದೋ ಹುಡುಗರು ಬೆಂಗಳೂರಿನ ವಿಜಯನಗರದ ಲೈಬ್ರರಿಗಳ ತುಂಬ ಕೂತಿರ್ತಾರೆ.

ಇದನ್ನ ಹೇಳಿದ ತಕ್ಷಣ ಅಪ್ಪಂದಿರ ಮುಖ ಅರಳುತ್ತೆ, "ನೋಡಿದ್ಯಾ, ಸಾರೇ ಹೇಳಿದ್ರು, ಮೊದ್ಲು ಬಿಇ ಮಾಡು ಆಮೇಲೆ ಏನ್ ಬೇಕಾದ್ರೂ ಮಾಡ್ಕೋ" ಅಂತ. ಅಲ್ಲ ಸ್ವಾಮಿ, ನಾನು ಹೇಳ್ತಿರೋದು ಅದಲ್ಲ. ಬಾಗಿಲು ಮುಚ್ಚೋಗುತ್ತೆ ಅಂತ ಬೇಡದ ಮನೆಗೆ ಯಾಕೆ ನುಗ್ಗಬೇಕು? ಮ್ಯಾತ್ಸ್ ಅಂದ್ರೆ ಹೊಟ್ಟೆ ನೋವು ಅನ್ನೋ ಮಗುವಿಗೆ ಬಿಇ ಮೊದಲ ಸೆಮ್‌ನಿಂದಲೇ ಕ್ಯಾಲ್ಕುಲಸ್, ಮ್ಯಾಟ್ರಿಕ್ಸ್, ಡಿಫರೆನ್ಶಿಯಲ್ ಈಕ್ವೇಶನ್ ಕಾದಿರುತ್ತೆ, ಕಂಪ್ಯೂಟರ್ ಸೈನ್ಸ್ ತಗೊಂಡ್ರೂ ತಪ್ಪಲ್ಲ. ಕೋರ್ಸ್ ಹೆಸರು ಎಷ್ಟೇ ಚೆನ್ನಾಗಿರಲಿ, ಏಐ ಅಂತಿರಲಿ ಡೇಟಾ ಸೈನ್ಸ್ ಅಂತಿರಲಿ, ಮೊದಲ ವರ್ಷದ ಹಳೇ ಪ್ರಶ್ನೆಪತ್ರಿಕೆ ಒಂದು ಸೆಟ್ ತರಿಸಿ ಮಗು ಮುಂದೆ ಇಡಿ. ಉತ್ತರ ಗೊತ್ತಿರಬೇಕು ಅಂತಿಲ್ಲ, ತಿಳ್ಕೊಳ್ಳೋಣ ಅನ್ಸುತ್ತಾ ಅಂತ ಮಾತ್ರ ನೋಡಿ. ಬ್ರೋಷರ್‌ಗಿಂತ ಆ ಜೆರಾಕ್ಸ್ ಹಾಳೆಗಳೇ ಎಷ್ಟೋ ವಾಸಿ.

ಕಾಮರ್ಸ್ ವಿಷಯಕ್ಕೆ ಬಂದ್ರೆ ನನ್ನದೊಂದು ಪಕ್ಷಪಾತ ಇದೆ. ಮುಂದೆ ಎಂಬಿಎ ಮಾಡೇ ಮಾಡ್ತೀನಿ ಅನ್ನೋರಿಗೆ ಬಿಬಿಎ ಬೇಡ ಅಂತೀನಿ. ಅದೇ ಮಾರ್ಕೆಟಿಂಗು, ಅದೇ ಎಚ್ಆರು, ಎರಡು ಸಲ ಓದಿ ಏನ್ ಮಾಡ್ತೀರ. ಬಿಕಾಂ ಮಾಡಿದ್ರೆ ಅಕೌಂಟ್ಸ್ ಕೈಗೆ ಹತ್ತುತ್ತೆ, ಟ್ಯಾಲಿ ಮತ್ತು ಜಿಎಸ್‌ಟಿ ರಿಟರ್ನ್ ಗೊತ್ತಿದ್ರೆ ಸಣ್ಣ ಊರಿನ ಆಡಿಟರ್ ಆಫೀಸಲ್ಲೂ ಕೆಲಸ ಇರುತ್ತೆ.

ಬಿಎಸ್ಸಿ ಅಂದ್ರೆ ‘ಸೀಟ್ ಸಿಗದೇ ಇದ್ದೋರು’ ಅನ್ನೋ ಮಾತು ಇನ್ನೂ ಹೋಗಿಲ್ಲ. ಬೆಂಗಳೂರಿನ ಐಐಎಸ್‌ಸಿ 2011ರಿಂದ ಪಿಯುಸಿ ಆದ ಮಕ್ಕಳಿಗೇ ನಾಲ್ಕು ವರ್ಷದ ಸೈನ್ಸ್ ಡಿಗ್ರಿ ಕೊಡ್ತಿದೆ ಅಂದ್ರೆ ಎಷ್ಟೋ ಜನ ಹೌದಾ ಅಂತಾರೆ. ಒಂದು ಮಾತ್ರ ನೆನಪಿಡಿ, ಎಂಎಸ್ಸಿ ಮಾಡಬೇಕಂದ್ರೆ ಸಾಮಾನ್ಯವಾಗಿ ಆ ವಿಷಯ ಡಿಗ್ರಿಲೂ ಇರಬೇಕು, ಅದಕ್ಕೇ ಕಾಂಬಿನೇಶನ್ ಯಾವುದೋ ಒಂದು ಅಂತ ಟಿಕ್ ಮಾಡಬೇಡಿ. ಇನ್ನು ಡಿಗ್ರಿ ಮೂರು ವರ್ಷನೋ ನಾಲ್ಕೋ ಅಂತ ಕೇಳೋರಿಗೆ: 2021ರಲ್ಲಿ ಎನ್‌ಇಪಿ ಅಂದ್ರೆ ರಾಷ್ಟ್ರೀಯ ಶಿಕ್ಷಣ ನೀತಿ ಬಂದು ನಾಲ್ಕು ವರ್ಷ ಮಾಡಿದ್ರು, 2024–25ರಿಂದ ರಾಜ್ಯದಲ್ಲಿ ಮತ್ತೆ ಮೂರು ವರ್ಷಕ್ಕೇ ಬಂದಿದೆ.

ಆರ್ಟ್ಸ್ ಬಗ್ಗೆ ಯಾರೂ ಕೇಳಲ್ಲ, ಅದೇ ಬೇಜಾರು. ಎಚ್‌ಇಪಿಎಸ್ (ಹಿಸ್ಟರಿ, ಎಕನಾಮಿಕ್ಸ್, ಪೊಲಿಟಿಕಲ್ ಸೈನ್ಸ್, ಸೋಷಿಯಾಲಜಿ) ಓದಿದ ಹುಡುಗಿ ಎಕನಾಮಿಕ್ಸ್ ಅಂದ್ರೆ ಕಣ್ಣರಳಿಸ್ತಾಳೆ, ಮನೇಲಿ ‘ಬಿಎನಾ’ ಅಂತ ರಾಗ. ನನ್ನ ಪ್ರಕಾರ ಬಿಎಲಿ ಇರೋ ಅಪಾಯನೇ ಬೇರೆ, ಕ್ಲಾಸಿಗೆ ಸರಿಯಾಗಿ ಹೋಗದೆ ಕೊನೇ ತಿಂಗಳು ಗೈಡ್ ಓದಿ ಪಾಸಾಗಿಬಿಡಬಹುದು, ಹಾಗೆ ಪಾಸಾದ್ರೆ ಕೈಲಿ ಏನೂ ಉಳಿಯಲ್ಲ. ಹಾಗಾಗಿ ಆರ್ಟ್ಸ್ ತಗೊಳೋರು ವಿಷಯಕ್ಕಿಂತ ಕಾಲೇಜು ನೋಡಬೇಕು, ಪಾಠ ಮಾಡೋರು ಇದ್ದಾರಾ, ಲೈಬ್ರರಿ ಬಾಗಿಲು ತೆಗೀತಾರಾ ಅಂತ. ಮೈಸೂರಲ್ಲಿ ಆರ್ಟ್ಸಿಗೆ ಮಹಾರಾಜ, ಸೈನ್ಸಿಗೆ ಯುವರಾಜ ಅಂತ ಹಳಬರು ಸುಮ್ನೆ ಹೆಸರು ಹೇಳ್ತಿರಲಿಲ್ಲ. ಚಿತ್ರ ಬರೆಯೋ ಮಕ್ಕಳಿಗೆ ಅಲ್ಲೇ ಕಾವಾ ಅನ್ನೋ ಚಿತ್ರಕಲಾ ಕಾಲೇಜು ಇದೆ, ಬೆಂಗಳೂರಲ್ಲಿ ಚಿತ್ರಕಲಾ ಪರಿಷತ್ ಇದೆ.

ಈಗ ಕೌನ್ಸೆಲಿಂಗ್. ಇಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿ ಮಾರ್ಕ್ಸ್ ಅರ್ಧ ಸಿಇಟಿ ಅರ್ಧ, ಇದು ಗೊತ್ತಿರೋದೇ. ಜನ ಎಡವೋದು ಆಪ್ಶನ್ ಎಂಟ್ರಿಲಿ, ಅಂದ್ರೆ ಬೇಕಾದ ಕಾಲೇಜು, ಬ್ರಾಂಚುಗಳನ್ನ ಇಷ್ಟದ ಕ್ರಮದಲ್ಲಿ ಪಟ್ಟಿ ಮಾಡೋದ್ರಲ್ಲಿ. ಯಾರೋ ಚಿಕ್ಕಪ್ಪ ಹೇಳಿದ್ರು ಅಂತ ಮಗುವಿಗೆ ಇಷ್ಟವೇ ಇಲ್ಲದ ಬ್ರಾಂಚನ್ನ, ದೊಡ್ಡ ಕಾಲೇಜು ಅನ್ನೋ ಕಾರಣಕ್ಕೆ, ಇಷ್ಟ ಇರೋದರ ಮೇಲೆ ಹಾಕ್ತಾರೆ. ಮೊದಲ ರೌಂಡಲ್ಲಿ ಇಷ್ಟದ್ದು ಸಿಕ್ಕಿರುತ್ತೆ, ಇನ್ನೂ ಒಳ್ಳೇದು ಸಿಗಬಹುದು ಅಂತ ಚಾಯ್ಸ್ 2 (ಸಿಕ್ಕಿದ್ದನ್ನ ಇಟ್ಕೊಂಡೇ ಮುಂದಿನ ರೌಂಡಿಗೂ ಹೋಗೋದು) ಒತ್ತುತ್ತಾರೆ, ಮುಂದಿನ ರೌಂಡಲ್ಲಿ ಮೇಲಿನ ಆಪ್ಶನ್ ಸಿಕ್ಕಿದ್ರೆ ಹಳೇ ಸೀಟು ತಾನಾಗೇ ಹೋಗುತ್ತೆ, ವಾಪಸ್ ಕೊಡಿ ಅಂದ್ರೆ ಕೊಡಲ್ಲ. ನಿಜವಾಗ್ಲೂ ಹೋಗಿ ಸೇರ್ತೀನಿ ಅನ್ನೋದನ್ನ ಮಾತ್ರ ಮೇಲೆ ಹಾಕಿ. ಅಣಕು ಹಂಚಿಕೆ (ಮಾಕ್ ಅಲಾಟ್‌ಮೆಂಟ್) ಅಂತ ಮೊದ್ಲು ಬಿಡ್ತಾರಲ್ಲ, ಪಟ್ಟಿ ತಿದ್ದೋಕೆ ಅಂತಾನೇ ಅದನ್ನ ಬಿಡೋದು.

ಅಗ್ರಿ ಕೋರ್ಸಿಗೆ ರೈತರ ಮಕ್ಕಳಿಗೆ ಬೇರೆ ಕೋಟಾ ಇದೆ, ಅದಕ್ಕೆ ಪ್ರಾಕ್ಟಿಕಲ್ ಪರೀಕ್ಷೆ ಮಾಡ್ತಾರೆ, ಬೀಜ, ಗೊಬ್ಬರ, ಸಲಕರಣೆ ಎದುರಿಗಿಟ್ಟು ಇದೇನು ಅಂತ ಕೇಳ್ತಾರೆ, ರಜಾ ಬಂದಾಗಲಾದ್ರೂ ಹೊಲಕ್ಕೆ ಕಳಿಸಿ. ಗ್ರಾಮೀಣ, ಕನ್ನಡ ಮಾಧ್ಯಮ ಕೋಟಾ ಎರಡಕ್ಕೂ ಒಂದರಿಂದ ಹತ್ತನೇ ಕ್ಲಾಸ್ ತನಕದ ಸರ್ಟಿಫಿಕೇಟ್ ಬೇಕು, ಗ್ರಾಮೀಣದ್ದಕ್ಕೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿನೂ ಬೇಕು, ಎರಡು ಮೂರು ಶಾಲೆ ಬದಲಾಯಿಸಿದ್ರೆ ಎಲ್ಲಾ ಕಡೆಯಿಂದಲೂ ತರಬೇಕು. ಅದನ್ನ ರಿಸಲ್ಟ್ ಬರೋ ಮುಂಚೆನೇ ಮಾಡಿಸಿಟ್ಕೊಳ್ಳಿ, ಆಮೇಲೆ ಬಿಇಒ ಆಫೀಸ್ ಮುಂದೆ ಊರಿನ ಅರ್ಧ ಜನ ನಿಂತಿರ್ತಾರೆ.