ದೆವ್ವದ ಉಗುರಿನ ಗೀರು

ಹಿರೋಷಿಮಾದಲ್ಲಿ ಮೂರು ದಿನ ಇದ್ದೆ. ನನಗೆ ಈಗ ಬರೆಯಬೇಕೆನಿಸುವುದು ಒಂದು ಬಿಳಿ ಕಾರಿನ ಮುಂದೆ ನಿಂತ ಅರ್ಧ ಗಂಟೆಯ ಬಗ್ಗೆ.

ಮಾಜ್ದಾ ಕಾರು ಕಂಪನಿಯ ಕಾರ್ಖಾನೆಯಲ್ಲಿರುವ ಮ್ಯೂಸಿಯಂಗೆ ಎರಡು ಸಲ ಹೋಗಬೇಕಾಯಿತು. "ಸುಮ್ನೆ ಹೋಗಿ, ಒಳಗೆ ಬಿಡ್ತಾರೆ" ಎಂದಿದ್ದರು ಹೋಟೆಲಿನವರು. ಬಿಡಲಿಲ್ಲ. ಮುಂಚೆಯೇ ಬುಕ್ ಮಾಡಿರಬೇಕಂತೆ. ಒಂದಿಡೀ ಬೆಳಿಗ್ಗೆ ದಂಡವಾಯಿತು, ಆ ಬೇಜಾರು ಇನ್ನೂ ಹೋಗಿಲ್ಲ. ನೀವು ಹೋಗುವುದಾದರೆ ಊರು ಬಿಡುವ ಮೊದಲೇ ಬುಕ್ ಮಾಡಿಬಿಡಿ. ಹಿರೋಷಿಮಾ ಸ್ಟೇಷನ್ನಿನಿಂದ ಲೋಕಲ್ ರೈಲಿನಲ್ಲಿ ಎರಡನೇ ನಿಲ್ದಾಣ, ಮುಕೈನಾಡ. ನನಗೆ ಮೂರನೇ ದಿನಕ್ಕೆ ಜಾಗ ಸಿಕ್ಕಿತು.

ಒಳಗೆ ಮೊದಲು ಕಾಣುವುದು ಮೂರು ಚಕ್ರದ ಹಳೇ ಸಾಮಾನು ಗಾಡಿಗಳು. 1945ರ ಆಗಸ್ಟ್ 6ರಂದು ಬಾಂಬ್ ಬಿದ್ದಾಗ ಹಿಜಿಯಾಮಾ ಎಂಬ ಚಿಕ್ಕ ಗುಡ್ಡ ಈ ಕಾರ್ಖಾನೆಗೆ ಅಡ್ಡ ನಿಂತು ಕಾಪಾಡಿತ್ತು. ಅದೇ ವರ್ಷದ ಕೊನೆಗೆ ಇಲ್ಲಿ ಮತ್ತೆ ಗಾಡಿ ತಯಾರಾಗತೊಡಗಿತು. ಇಪ್ಪತ್ತೆರಡು ವರ್ಷಕ್ಕೆ, 1967ರಲ್ಲಿ, ಕಾಸ್ಮೊ ಸ್ಪೋರ್ಟ್ ಹೊರಬಂತು, ನಾನು ನಿಂತು ನೋಡಿದ ಆ ಬಿಳಿ ಕಾರು!

ಎಲ್ಲರೂ 1991ರಲ್ಲಿ ಫ್ರಾನ್ಸಿನ ಲ ಮಾನ್ಸ್ ಕಾರ್ ರೇಸ್ ಗೆದ್ದ ಮಾಜ್ದಾ 787ಬಿ ಕಾರಿನ ಸುತ್ತ ನಿಂತಿದ್ದರು. ಗೆದ್ದ ಕಾರು, ನಿಜ. ಆದರೆ ಅದರ ಬಣ್ಣದ ಅಬ್ಬರ ನನಗೆ ಹಿಡಿಸಲಿಲ್ಲ. ಕಾಸ್ಮೊ ಎಷ್ಟು ತಗ್ಗು ಅಂದರೆ ನನ್ನ ಎದೆಮಟ್ಟಕ್ಕೂ ಬರುವುದಿಲ್ಲ. ಹಿಂದಿನ ದೀಪಗಳ ನಡುವೆ ಬಂಪರ್ ಹಾಯ್ದು, ಅರ್ಧ ಮೇಲೆ, ಅರ್ಧ ಕೆಳಗೆ. ತುಂಬಾ ಚೆಂದ. 1972ರವರೆಗೆ ತಯಾರಾಗಿದ್ದು ಬರೀ 1,176.

ಪಕ್ಕದಲ್ಲಿ ಒಬ್ಬರು ಹಿರಿಯರು ನಿಂತಿದ್ದರು. ಮಾತು ಫೋನಿನ ಅನುವಾದದಲ್ಲೇ ನಡೆಯಿತು. ಒಳಗು ಕಾಣುವಂತೆ ಸೀಳಿಟ್ಟ ಕಾಸ್ಮೊ ಎಂಜಿನ್ ತೋರಿಸಿ "ಒಮುಸುಬಿ" ಎಂದರು. ಹಾಗಂದರೆ ಮೂರು ಮೂಲೆಯ ಅನ್ನದ ಉಂಡೆ. ಎಂಜಿನ್ನಿನೊಳಗೆ ತಿರುಗುವ ರೋಟರ್ ಇರುವುದು ಹಾಗೇ ಅಲ್ವಾ! ಇಲ್ಲಿ ಪಿಸ್ಟನ್ ಮೇಲೆ ಕೆಳಗೆ ಹೋಗುವುದಿಲ್ಲ, ಆ ಉಂಡೆಯೇ ತಿರುಗುತ್ತದೆ. ಅನಿಲ ಸೋರದಂತೆ ಅದರ ಮೂಲೆಗಳಲ್ಲಿಟ್ಟ ಸೀಲುಗಳು ಅದುರಿ ಒಳಗೋಡೆಯ ಮೇಲೆ ಗೀರು ಬೀಳುತ್ತಿತ್ತು. ಅದಕ್ಕೆ ಎಂಜಿನಿಯರ್‌ಗಳು ಇಟ್ಟ ಹೆಸರು ದೆವ್ವದ ಉಗುರಿನ ಗೀರು. ಹೇಳುವಾಗ ಹಿರಿಯರು ತಮ್ಮ ಅಂಗೈ ಮೇಲೆ ಉಗುರಿನಿಂದ ಮೆಲ್ಲಗೆ ಕೆರೆದು ತೋರಿಸಿದರು.

ಮಾಜ್ದಾದ ಎಂಜಿನಿಯರ್ ಕೆನಿಚಿ ಯಾಮಾಮೊಟೊ ಮುಂದಾಳಾಗಿ 47 ಜನ ಈ ಗೀರಿನ ಹಿಂದೆ ಬಿದ್ದಿದ್ದರು. ಸೀಲಿಗೆ ಕುದುರೆಯ ಮೂಳೆಯನ್ನೂ ಹಾಕಿ ನೋಡಿದ್ದರಂತೆ. ಕೊನೆಗೆ ಕೈಹಿಡಿದದ್ದು ಅಲ್ಯುಮಿನಿಯಂ ಸೇರಿಸಿದ ಕಾರ್ಬನ್ ಸೀಲು.

1968ರಲ್ಲಿ ಜರ್ಮನಿಯ ನೂರ್ಬರ್ಗ್‌ರಿಂಗ್‌ನಲ್ಲಿ 84 ಗಂಟೆಯ ಓಟಕ್ಕೆ ಎರಡು ಕಾಸ್ಮೊ ಕಳಿಸಿದರು. ಒಂದು ನಾಲ್ಕನೆಯದಾಗಿ ಬಂತು. ಇನ್ನೊಂದು 82ನೇ ಗಂಟೆಯಲ್ಲಿ ನಿಂತುಹೋಯಿತು. ಅಯ್ಯೋ, ಎರಡೇ ಗಂಟೆ ಇತ್ತಲ್ಲ ಎಂದೆ. ಹಿರಿಯರು ಫೋನನ್ನು ಬಾಯಿಯ ಹತ್ತಿರ ಹಿಡಿದು, ನಿಧಾನವಾಗಿ ಎರಡು ಸಲ ಹೇಳಿದರು: "ಮುರಿದದ್ದು ಆಕ್ಸಲ್. ಎಂಜಿನ್ ಅಲ್ಲ. ಎಂಜಿನ್ ಅಲ್ಲ."